ಹಾರ ಬಾಡುವ ಹೊತ್ತು

ದೀಪಶ್ರೀ ಅವನ ಮುಖಕ್ಕಿಂತ ಮೊದಲು ಅವನ ಶೂ ನೋಡಿದಳು. ಅಜ್ಜಂಪುರದ ಓಂಕಾರ್ ಸ್ಟುಡಿಯೋದ ಹೊಸ್ತಿಲಲ್ಲಿ, ‘ಪಾದರಕ್ಷೆ ಹೊರಗೆ’ ಎಂಬ ಬೋರ್ಡಿನ ಕೆಳಗೆ ಬಗ್ಗಿ ನಿಂತು ಅವನು ಲೇಸಿನೊಡನೆ ಜಗಳವಾಡುತ್ತಿದ್ದ. ಲ್ಯಾಪ್‌ಟಾಪ್ ಚೀಲ ಹೆಗಲಿಂದ ಜಾರಿ ಮೊಣಕೈಗೆ ಬಂದಿತ್ತು.

“ಏನ್ರೀ, ಬೋರ್ಡು ಓದಕ್ಕೆ ಬರಲ್ವಾ?”

“ಓದಿದೆ. ಗಂಟು ಬಿಚ್ಚಕ್ಕೆ ಬತ್ತಿಲ್ಲ.”

“ಲೇಸು ಬಿಚ್ಚಕ್ಕಾಗದವ್ರು ನಮ್ಮ ಕಂಪ್ಯೂಟರ್ ಸರಿ ಮಾಡಕ್ಕೆ ಬಂದ್ಬಿಟ್ರಾ?”

ಅವನು ಗಂಟಿನ ಸಮೇತ ಶೂ ಕಿತ್ತು, ಒಂಟಿ ಕಾಲಲ್ಲಿ ಕುಣಿದು ಒಳಗೆ ಬಂದ. ಆ ಕುಣಿತವೂ ನೆಟ್ಟಗಿಲ್ಲ ಎಂದು ಅವಳಿಗನ್ನಿಸಿತು.

ಹೆಸರು ಕಾಂತರಾಜ್. ಕಡೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಅವನೇ ಬರೆದ ಒಂದು ಪ್ರೋಗ್ರಾಂ ಇತ್ತು. ಕ್ಯಾಮೆರಾದ ಕಾರ್ಡು ಚುಚ್ಚಿದರೆ ಸಾಕು, ಮದುವೆಯ ಸಾವಿರಾರು ಫೋಟೋಗಳನ್ನು ತೆಗೆದ ಹೊತ್ತಿನ ಪ್ರಕಾರ ಅದು ಜೋಡಿಸಿ, ದೇವರಕಾರ್ಯ, ಆರತಕ್ಷತೆ, ಮುಹೂರ್ತ, ಊಟ ಎಂದು ತಾನೇ ಫೋಲ್ಡರ್ ಮಾಡಿ ಒಳಗೆ ಹಾಕುತ್ತಿತ್ತು. ತರೀಕೆರೆ, ಬೀರೂರಿನ ಸ್ಟುಡಿಯೋದವರೆಲ್ಲ ಒಂದೇ ಮಾತು ಹೇಳಿದ್ದರು: ಓಂಕಾರಮೂರ್ತಿಯವರು ತಗೊಂಡರೆ ನಾವೂ ತಗೋತೀವಿ.

ಓಂಕಾರಮೂರ್ತಿ ದೀಪಶ್ರೀಯ ತಂದೆ. ಬೆಳಗಿನ ಲಿಂಗಪೂಜೆ ಮುಗಿಸದೆ ಕ್ಯಾಮೆರಾ ಮುಟ್ಟುವವರಲ್ಲ. ಈ ಪ್ರೋಗ್ರಾಂ ಮೇಲೆ ಅವರಿಗೆ ಬೇರೆಯದೇ ಆಸೆ.

“ಇದು ಬಂದ್ರೆ ನಿಂಗೆ ಬಿಡುವಾಗ್ತದೆ ಕಣಮ್ಮ. ಆ ಕುರ್ಚಿಯಿಂದ ಎದ್ರೆ ತಾನೇ ಹಸೆಮಣೆ ಮೇಲೆ ಕೂರೋದು?”

ಆ ಕುರ್ಚಿಯೇ ದೀಪಶ್ರೀಯ ರಾಜ್ಯ. ಓದು ಮುಗಿದ ಮೇಲೆ ಅಲ್ಲಿ ಕೂತವಳು ಸುತ್ತಲ ಊರುಗಳ ಮದುವೆಗಳನ್ನೆಲ್ಲ ಅಲ್ಲಿಂದಲೇ ನೋಡಿದ್ದಳು, ನೋಡಿ ಮೂಗು ಮುರಿದಿದ್ದಳು. ಎಲ್ಲ ಫೋಟೋದಲ್ಲೂ ಮೂತಿ ತೂರಿಸುವ ಸೋದರಮಾವ, ಕ್ಯಾಮೆರಾ ಕಂಡೊಡನೆ ಅಳು ಜೋರು ಮಾಡುವ ಚಿಕ್ಕಮ್ಮ, ತಂಪು ಕನ್ನಡಕ ಹಾಕಿ ಕಂಬಕ್ಕೊರಗುವ ಪಡ್ಡೆಗಳು. ಯಾರೂ ಅವಳ ಕಣ್ಣಿಗೆ ಪಾಸಾಗಿರಲಿಲ್ಲ. ನೋಡಲು ಬಂದ ಗಂಡುಗಳನ್ನಂತೂ ಉಪ್ಪಿಟ್ಟು ಆರುವುದರೊಳಗೆ ಫೇಲು ಮಾಡಿ ಕಳಿಸಿದ್ದಳು. ಕೇಳಿದರೆ, ಆಲ್ಬಂ ಕೆಲಸ ಯಾರು ಮಾಡ್ತಾರೆ ಎನ್ನುತ್ತಿದ್ದಳು. ಈಗ ಆ ಉತ್ತರವನ್ನೇ ಕಿತ್ತುಕೊಳ್ಳಲು ಒಬ್ಬ ಚೀಲ ಹೊತ್ತು ಬಂದಿದ್ದ.

“ನೀವು ಹೆಂಗೆ ಜೋಡಿಸ್ತೀರಾ?” ಕಾಂತರಾಜ್ ಅವಳ ಸ್ಕ್ರೀನು ನೋಡುತ್ತ ಕೇಳಿದ. ಅಲ್ಲಿ ‘ಫೈನಲ್’, ‘ನಿಜವಾದ ಫೈನಲ್’, ‘ದೇವರಾಣೆ ಫೈನಲ್’ ಎಂಬ ಫೋಲ್ಡರುಗಳು ಚೆಲ್ಲಾಡಿದ್ದವು.

“ಹಾರ ನೋಡಿ.”

“ಹಾರ?”

“ಬೆಳಿಗ್ಗೆ ಸೇವಂತಿಗೆ ಎದ್ದು ನಿಂತಿರ್ತದೆ. ತಾಳಿ ಹೊತ್ತಿಗೆ ಮಲ್ಲಿಗೆ ಅಂಚು ಕಂದಿರ್ತದೆ. ಊಟಕ್ಕೆ ಕೂರೋವಾಗ ಹಾರವೂ ಜೋತು ಬಿದ್ದಿರ್ತದೆ, ಮದುಮಗನೂ ಜೋತು ಬಿದ್ದಿರ್ತಾನೆ. ನಿಮ್ಮ ಮಿಷನ್ನಿಗೆ ಹೂವು ಗೊತ್ತಾ?”

“ಗಂಟೆ ಗೊತ್ತು.”

“ಗಂಟೆ ಕೋಳಿಗೂ ಗೊತ್ತು ಕಣ್ರೀ.”

ಅವನು ನಕ್ಕ. ಬೈಸಿಕೊಂಡವನು ನಗಬಾರದು ಎಂಬ ಸಾಮಾನ್ಯ ಜ್ಞಾನವೂ ಇಲ್ಲವಲ್ಲ ಎಂದುಕೊಂಡಳು.

ಒಂದು ದಿನದಲ್ಲಿ ಮುಗಿಯುವ ಕೆಲಸ. ಅವನು ಮರುದಿನವೂ ಬಂದ, ಕೇಬಲ್ ಮರೆತಿದ್ದನಂತೆ. ಅದರ ಮರುದಿನ ಪೆನ್‌ಡ್ರೈವ್ ಬಿಟ್ಟುಹೋಗಿದ್ದನಂತೆ. ಚಿಟಿಕೆ ಹೊಡೆಯುವುದರೊಳಗೆ ಫೋಟೋ ಜೋಡಿಸುವ ಪ್ರೋಗ್ರಾಂ ಬರೆದವನು ಇಷ್ಟು ನಿಧಾನಿ.

ಒಮ್ಮೆ ಸ್ಕ್ರೀನು ಕಪ್ಪಾಗಿ, ಅದರಲ್ಲಿ ಇಬ್ಬರ ಮುಖವೂ ಮಸುಕಾಗಿ ಮೂಡಿತು. ಅವನ ಕಣ್ಣು ಆ ಕಪ್ಪಿನಲ್ಲಿ ಅವಳ ಜಡೆಯ ದಾರಿ ಹಿಡಿದು ಹೆಗಲಿಗೆ ಇಳಿದು, ಅಲ್ಲಿಂದ ಕಿವಿಯ ಲೋಲಾಕಿಗೆ ಹತ್ತಿ ನಿಂತಿತು.

“ಏನು ನೋಡ್ತಿದೀರಾ?”

“ಲೋಡ್ ಆಗ್ತಾ ಇದೆ.”

“ಕಂಪ್ಯೂಟರ್ ಆಫ್ ಆಗಿ ಎಷ್ಟೊತ್ತಾಯ್ತು.”

ಅವನ ಕಿವಿ ಕೆಂಪಾಯಿತು. ದೀಪಶ್ರೀ ತಿರಸ್ಕಾರದಿಂದ ಮುಖ ತಿರುಗಿಸಿದಳು. ತಿರುಗಿಸಿದ ಮುಖದಲ್ಲಿ ನಗು ಯಾಕಿತ್ತು ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಮನುಷ್ಯರ ಎದೆಯೊಳಗೆ ದೀಪ ಹಚ್ಚುವವನು ಹಚ್ಚಿದ ಕೂಡಲೇ ಕೂಗಿ ಹೇಳುವುದಿಲ್ಲ.

ಕೊನೆಯ ದಿನ ಅವನು ಒಂದೇ ಪ್ರಶ್ನೆ ಕೇಳಿದ. “ನಿಮ್ಮ ಕ್ಯಾಮೆರಾಗಳ ಟೈಮು ಸರಿಯಾಗಿದೆ ತಾನೇ? ನನ್ನ ಪ್ರೋಗ್ರಾಂ ನಿಂತಿರೋದೇ ಅದರ ಮೇಲೆ.”

ಸರಿಯಿರಲಿಲ್ಲ. ಅವಳಿಗೆ ಗೊತ್ತಿತ್ತು. ಬೀಗರ ಜಗಳಕ್ಕೋ ಬಾರದ ವಾಲಗದವರಿಗೋ ಮುಹೂರ್ತ ಜಾರಿಹೋದಾಗ ಓಂಕಾರಮೂರ್ತಿ ಸದ್ದಿಲ್ಲದೆ ಕ್ಯಾಮೆರಾದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ತಾಳಿ ಕಟ್ಟುವ ಫೋಟೋ ತೆಗೆಯುತ್ತಿದ್ದರು. ಮೂಲೆಯಲ್ಲಿ ಅಚ್ಚಾಗುವ ಗಂಟೆ ಲಗ್ನಪತ್ರಿಕೆಗೆ ಹೊಂದಿಕೊಂಡರೆ ಎರಡು ಮನೆಯಲ್ಲಿ ಜಗಳ ತಪ್ಪುತ್ತದೆ ಎಂಬುದು ಅವರ ನಂಬಿಕೆ. ತಿರುಗಿಸಿದ್ದನ್ನು ಮತ್ತೆ ಸರಿಮಾಡಲು ಅವರಿಗೆ ನೆನಪಾಗುತ್ತಿರಲಿಲ್ಲ.

“ನಮ್ಮಪ್ಪ ಇಟ್ಟ ಗಂಟೆ ತಪ್ಪಿರ್ತದಾ?” ಎಂದಳು ದೀಪಶ್ರೀ, ಬಲು ಸಿಹಿಯಾಗಿ. ಅವಳು ಸಿಹಿಯಾಗಿ ಮಾತಾಡಿದ್ದು ಅದೇ ಮೊದಲು. ಕಾಂತರಾಜ್ ನಂಬಿಬಿಟ್ಟ.

ಪ್ರೋಗ್ರಾಂ ತೋರಿಸುವ ದಿನ ಸ್ಟುಡಿಯೋಗೆ ಗಿರಾಕಿಗಳೂ ಬಂದರು. ದೇವನೂರಿನ ಕರಿಬಸಮ್ಮ, ಅವರ ಹಿಂದೆ ಹೊಸ ಸೊಸೆ ಕೋಮಲಾ. ಆಲ್ಬಮ್ಮಿಗೆ ಫೋಟೋ ಆರಿಸುವ ನೆಪ. ಕರಿಬಸಮ್ಮನ ನಿಜವಾದ ಕೆಲಸ ಬೇರೆಯಿತ್ತು.

“ಇವ್ಳು ಬಂದ ವಾರಕ್ಕೇ ಬೋರ್ ಮೋಟ್ರು ಸುಟ್ಟೋಯ್ತು. ಮದುವೆ ದಿನ ಸಿಂಗಾರ ಮಾಡ್ಕೊಂಡು ಲೇಟಾಗಿ ಬಂದ್ಲು. ಮುಹೂರ್ತ ಮೀರಿತ್ತು ಅಂತ ನನ್ನ ಮನಸ್ಸಿಗೆ ಆವತ್ತೇ ಅನ್ನಿಸ್ತು. ತಾಳಿ ಫೋಟೋದ ಟೈಮು ತೋರ್ಸಪ್ಪ. ಮೀರಿದ್ರೆ ತೌರುಮನೆ ಬುಕ್ಕಾಂಬುಧಿಗೆ ವಾಪಸ್ ಬಿಟ್ಟು, ಇವ್ಳಪ್ಪನ ಹತ್ರ ಮಾತಾಡೋದಿದೆ.”

ಕೋಮಲಾ ಬಳೆಗಳನ್ನು ಬೆರಳಿನಿಂದ ಒತ್ತಿ ಹಿಡಿದಿದ್ದಳು, ಸದ್ದಾಗದ ಹಾಗೆ.

ಕಾಂತರಾಜ್ ಕಾರ್ಡು ಚುಚ್ಚಿದ. ಫೋಲ್ಡರುಗಳು ತಾವೇ ಹುಟ್ಟಿದವು, ಫೋಟೋಗಳು ಹಕ್ಕಿಗಳ ಹಾಗೆ ಹಾರಿ ಅವುಗಳಲ್ಲಿ ಕೂತವು. ಓಂಕಾರಮೂರ್ತಿಯವರು ಬೆರಗಾಗಿ “ಶಿವಾ” ಎಂದರು. ಅವನು ಮುಹೂರ್ತದ ಫೋಲ್ಡರ್ ತೆರೆದ. ಮೊದಲ ಫೋಟೋದಲ್ಲೇ ತಾಳಿ ಕಟ್ಟಿ ಆಗಿತ್ತು. ಆಮೇಲಿನದರಲ್ಲಿ ಕೋಮಲಾ ತೌರಿನವರ ಜೊತೆ ಇನ್ನೂ ಹಸೆಮಣೆಗೆ ನಡೆದು ಬರುತ್ತಿದ್ದಳು, ಕೊರಳು ಬರಿದು.

ದೀಪಶ್ರೀ ತುಟಿ ಕಚ್ಚಿ ನಗು ತಡೆದಳು. ಇದಕ್ಕಾಗಿಯೇ ಕಾದಿದ್ದಳಲ್ಲ.

“ಇದೇನಪ್ಪಾ, ತಾಳಿ ಕಟ್ಟಿದ ಮೇಲೆ ಮಂಟಪಕ್ಕೆ ಬಂದ್ಳಾ?” ಕರಿಬಸಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. “ಯಾರೋ ಗಂಟೆ ತಿರುಗಿಸಿದಾರೆ. ಹೌದು ತಾನೇ?”

ಕಾಂತರಾಜ್ ಸ್ಕ್ರೀನಿಗೆ ಬಾಗಿದ. ಫೋಟೋಗಳ ನಂಬರು ಮುಂದೆ ಹೋಗಿತ್ತು, ಗಂಟೆ ಹಿಂದೆ ಬಂದಿತ್ತು. ಅವನಿಗೆ ಎಲ್ಲವೂ ತಿಳಿಯಿತು. ಓಂಕಾರಮೂರ್ತಿಯವರ ಬೆವೆತ ವಿಭೂತಿ ನೋಡಿದ. ಕೋಮಲಾಳ ಬಳೆ ನೋಡಿದ. ಕೊನೆಗೆ ದೀಪಶ್ರೀಯನ್ನು ನೋಡಿದ, ಒಂದೇ ಕ್ಷಣ. ಆ ನೋಟದಲ್ಲಿ ಸಿಟ್ಟಿದ್ದರೆ ಅವಳು ತಿರುಗಿ ಎರಡರಷ್ಟು ಕೊಡುತ್ತಿದ್ದಳು. ಇರಲಿಲ್ಲ.

“ತಪ್ಪು ನಂದು ಕಣಮ್ಮಾ,” ಎಂದ ಅವನು. “ಫೋಟೋದ ಗಂಟೆ ಸರಿಯಾಗೇ ಇದೆ, ತಾಳಿ ಮುಹೂರ್ತದಲ್ಲೇ ಬಿದ್ದದೆ. ಮಿಕ್ಕ ಫೋಟೋಗಳನ್ನ ಎಲ್ಲೆಲ್ಲೋ ಹಾಕಿರೋದು ನನ್ನ ಪ್ರೋಗ್ರಾಂ. ಅದು ಕೆಟ್ಟೋಗಿದೆ.”

“ಥೂ, ಕೆಟ್ಟೋಗಿರೋ ಮಿಷನ್ನ ಮಾರಕ್ಕೆ ಬತ್ತೀಯಲ್ಲ, ನಾಚ್ಕೆ ಆಗಲ್ವಾ? ನೋಡಿದ್ರೆ ಓದಿದೋನ ಥರ ಇದೀಯ.”

“ಓದಿದೀನಿ ಕಣಮ್ಮ. ತಲೆಗೆ ಹತ್ತಿಲ್ಲ.”

ಕೋಮಲಾಳ ಬಳೆ ಅಷ್ಟೊತ್ತಿಗೆ ಮೆಲ್ಲಗೆ ಸದ್ದು ಮಾಡಿತು.

ಅವನು ಲ್ಯಾಪ್‌ಟಾಪ್ ಮಡಚಿ, ಹೊಸ್ತಿಲಾಚೆ ಶೂ ಹಾಕಿಕೊಂಡು ಹೋದ. ಲೇಸು ಕಟ್ಟಲಿಲ್ಲ. ಕರಿಬಸಮ್ಮನ ಬಾಯಿಂದ ಹೊರಟ ಸುದ್ದಿ ಬಸ್ಸಿಗಿಂತ ಮೊದಲು ಬೀರೂರು ಮುಟ್ಟಿತು, ಸಂಜೆಗೆ ತರೀಕೆರೆ. ಆ ಪ್ರೋಗ್ರಾಂ ಯಾರಿಗೂ ಬೇಡವಾಯಿತು.

ಕುರ್ಚಿ ಉಳಿಯಿತು. ದೀಪಶ್ರೀ ಅದರಲ್ಲಿ ಕೂತಳು, ಕೂರಲಾಗಲಿಲ್ಲ. ಜಗತ್ತಿನವರಿಗೆಲ್ಲ ಹಂಚಿ ಹಂಚಿ ಮುಗಿಯದಿದ್ದ ತಿರಸ್ಕಾರವೆಲ್ಲ ಈಗ ವಿಳಾಸ ಹುಡುಕಿಕೊಂಡು ಅವಳ ಹತ್ತಿರವೇ ಬಂದಿತ್ತು. ಕಪ್ಪು ಸ್ಕ್ರೀನಿನಲ್ಲಿ ಒಂದೇ ಮುಖ ಕಂಡಿತು. ಈ ಮುಖವನ್ನು ಬೇರೆಯವರ ಮದುವೆಯ ಫೋಟೋದಲ್ಲಿ ಕಂಡಿದ್ದರೆ ಏನೆಂದು ಹಂಗಿಸುತ್ತಿದ್ದೆ ಎಂದು ಯೋಚಿಸಿದಳು. ಬೇಕಾದಷ್ಟು ಮಾತು ಸಿಕ್ಕಿತು.

ತಂದೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಓಂಕಾರಮೂರ್ತಿ ಒರೆಸುತ್ತಿದ್ದ ಕ್ಯಾಮೆರಾ ಕೆಳಗಿಟ್ಟರು.

“ನೀನು ಒಂದು ಸಲ ಸುಳ್ಳು ಹೇಳ್ದೆ. ನಾನು ಶಿವನ ಹೊತ್ತನ್ನ ಹೆಬ್ಬೆರಳಲ್ಲಿ ತಿರುಗಿಸ್ತಾ ಬಂದಿದೀನಿ, ಅದಕ್ಕೆ ಪುಣ್ಯ ಅಂತ ಹೆಸರಿಟ್ಕೊಂಡು. ಹೋಗು, ಆ ಹುಡುಗನ್ನ ನೋಡ್ಕೊಂಡು ಬಾ.”

ಕಡೂರಿನ ಅಂಗಡಿಯಲ್ಲಿ ಕಾಂತರಾಜ್ ಒಂದು ಪ್ರಿಂಟರ್ ಬಿಚ್ಚಿಟ್ಟುಕೊಂಡು ಕೂತಿದ್ದ. ಕೆನ್ನೆಗೆ ಮಸಿ. ಅವಳನ್ನು ಕಂಡು ಎದ್ದ ರಭಸಕ್ಕೆ ಸ್ಕ್ರೂಗಳೆಲ್ಲ ನೆಲಕ್ಕೆ ಚೆಲ್ಲಿದವು.

“ಕೂತ್ಕೊಳ್ಳಿ,” ಎಂದಳು, ಅಂಗಡಿ ತನ್ನದೇ ಎಂಬಂತೆ. “ಗಂಟೆ ಸರಿ ಇಲ್ಲ ಅಂತ ನಂಗೆ ಗೊತ್ತಿತ್ತು.”

“ಗೊತ್ತಾಯ್ತು.”

“ಮತ್ತೆ ಯಾಕೆ ನನ್ನ ಹೆಸರು ಹೇಳ್ಲಿಲ್ಲ?”

“ಆ ಹುಡುಗಿ ಬಳೆ ಹಿಡ್ಕೊಂಡಿದ್ಲು. ನಿಮ್ಮ ಹೆಸರು ಹೇಳಿದ್ರೆ ಗಂಟೆ ತಿರುಗಿಸಿದ್ದೂ ಆಚೆ ಬಂದು ಅವಳ ಮನೆ ಕೆಡ್ತಿತ್ತು.” ಅವನು ಬಗ್ಗಿ ಸ್ಕ್ರೂ ಹೆಕ್ಕತೊಡಗಿದ. “ಅಲ್ದೆ, ನೀವು ಬೈಸ್ಕೊಳ್ಳೋದು ನೋಡಕ್ಕಾಗಲ್ಲ ನಂಗೆ. ಬೈಯೋದಾದ್ರೆ ಕೇಳಬಹುದು. ಅದಕ್ಕೇ ಅಲ್ವಾ ದಿನಾ ಒಂದೊಂದು ಮರೆತು ಬತ್ತಿದ್ದದ್ದು.”

“ಕೇಬಲ್ಲು?”

“ಚೀಲದಲ್ಲೇ ಇತ್ತು.”

“ಪೆನ್‌ಡ್ರೈವು?”

“ಬೇಕಂತಲೇ ನಿಮ್ಮ ಮೇಜಿನ ಕೆಳಗೆ ಹಾಕಿದ್ದೆ.”

ದೀಪಶ್ರೀ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನೋಡಲು ಬಂದ ಗಂಡುಗಳನ್ನು ನೋಡುವ ಹಾಗೆ. ಫೇಲು ಮಾಡಲು ಕಾರಣಗಳು ಬೇಕಾದಷ್ಟಿದ್ದವು. ಕೆನ್ನೆಯ ಮಸಿಯೊಂದೇ ಸಾಕಿತ್ತು. ಅವಳ ಕೈ ಸೆರಗಿನ ತುದಿ ಹಿಡಿದು ಅಲ್ಲಿಗೆ ಹೋಯಿತು.

“ನೋಡಿ, ನಾನು ಕುರ್ಚಿ ಬಿಡಲ್ಲ.”

“ಬಿಡಿ ಅಂತ ಯಾರು ಹೇಳಿದ್ದು? ಕಡೂರಿಂದ ಅಜ್ಜಂಪುರಕ್ಕೆ ಬಸ್ಸಿದೆ. ಕಾರ್ಡಿಂದ ಫೋಟೋ ಹೊತ್ತು ತರೋದು ಪ್ರೋಗ್ರಾಂ ಮಾಡ್ಲಿ, ಹೂವು ನೀವು ನೋಡಿ.”

“ನಾನಿನ್ನೂ ಒಪ್ಪಿಲ್ಲ.”

“ನಾನಿನ್ನೂ ಕೇಳಿಲ್ಲ.”

“ಕೇಳಕ್ಕೂ ಲೇಟು. ಎಂಥ ನಿಧಾನಿ ಕಣ್ರೀ ನೀವು.”

ಅವನು ಕೇಳಿದ.

ಮದುವೆಯ ದಿನ ಮುಹೂರ್ತ ಜಾರಿತು. ಮದುಮಗನ ಶೂ ಲೇಸು ಗಂಟು ಬಿದ್ದು, ಮಂಟಪದ ಬುಡದಲ್ಲೇ ಹೊತ್ತಾಯಿತು. ಪಕ್ಕದಲ್ಲಿ ನಿಂತ ಓಂಕಾರಮೂರ್ತಿಯವರ ಹೆಬ್ಬೆರಳು ಹಳೇ ಅಭ್ಯಾಸದಂತೆ ಕ್ಯಾಮೆರಾದ ಗುಂಡಿಗೆ ಹೋಯಿತು. ಹಸೆಮಣೆಯ ಮೇಲಿದ್ದ ಮಗಳು ಬಾಸಿಂಗದಡಿಯಿಂದ ಒಂದು ನೋಟ ನೋಡಿದಳು. ಹೆಬ್ಬೆರಳು ಹಿಂದೆ ಸರಿಯಿತು. ಶಿವ ಕೊಟ್ಟ ಹೊತ್ತಿಗೇ ತಾಳಿ ಬಿತ್ತು.

ತನ್ನ ಮದುವೆಯ ಫೋಟೋಗಳನ್ನು ಮಾತ್ರ ದೀಪಶ್ರೀ ಪೂರ್ತಿ ಪ್ರೋಗ್ರಾಂಗೇ ಬಿಟ್ಟಳು. ಕುರ್ಚಿಯಲ್ಲಿ ಕೂತು ಒಂದೊಂದಾಗಿ ತೆರೆದು ನೋಡಿದಳು. ನಿಂತ ಸೇವಂತಿಗೆ, ಕಂದಿದ ಮಲ್ಲಿಗೆ, ಜೋತ ಹಾರ, ಜೋತ ಗಂಡ. ಒಂದೂ ಹಿಂದೆ ಮುಂದೆ ಆಗಿರಲಿಲ್ಲ. ಹಿಂದೆ ನಿಂತಿದ್ದ ಕಾಂತರಾಜ್ ಬಗ್ಗಿ ಕೇಳಿದ.

“ಹೆಂಗಿದೆ?”

ಅವಳು ತಿರುಗಲಿಲ್ಲ. ಸ್ಕ್ರೀನು ಆರಿಸಿ, ಆ ಕಪ್ಪಿನಲ್ಲಿ ಅವನ ಮುಖ ಮೂಡುವವರೆಗೆ ಕಾದಳು.

“ಏನೋ,” ಎಂದಳು, “ಪರವಾಗಿಲ್ಲ.”