ಸುಣ್ಣ ಹಚ್ಚಿದ ಕಲ್ಲುಗಳು

"ಇಲ್ಲಿ ಕೆಲಸ ಮಾಡಸೋರು ಯಾರರೀ?"

ಕಮಲಾಪುರದ ಗುಡ್ಡದ ಮೇಲೆ ಸುತ್ತಿಗೆಗಳು ಒಮ್ಮೆಗೇ ನಿಂತವು.

ಅನಸೂಯಾ ಏದುಸಿರು ಬಿಡುತ್ತಿದ್ದಳು. ಕಲಬುರಗಿಯಿಂದ ಬೆಳಗಿನ ಬಸ್ಸಿಗೆ ಬಂದು, ಕತ್ತಾಳೆಯ ಸಾಲು ದಾಟಿ, ಪಾಪಾಸುಕಳ್ಳಿಯ ಮುಳ್ಳಿಗೆ ಸೆರಗು ಹರಿಸಿಕೊಂಡು ಹತ್ತಿದ್ದಳು. ಈ ವಾರ ಅವಳ ಗಿಡಗಳು ಹೂ ಬಿಟ್ಟಿರಬೇಕಿತ್ತು.

ಗಿಡಗಳೇ ಇರಲಿಲ್ಲ.

ಎಲೆಯಿಲ್ಲದ, ನಾಲ್ಕು ಅಂಚಿನ, ಬೆರಳು ದಪ್ಪದ ಹಸಿರು ಕಡ್ಡಿಗಳು... ಎರಡು ವರ್ಷ ಅಲೆದು ಹದಿನಾಲ್ಕು ಗುಂಪು ಹುಡುಕಿದ್ದಳು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಮಾಡುತ್ತಿದ್ದ ಅವಳ ಪಿಎಚ್‌ಡಿ ನಿಂತಿದ್ದೇ ಅವುಗಳ ಮೇಲೆ. ಈಗ ಅಲ್ಲಿ ರಸ್ತೆಗೆಂದು ಒಡೆದ ಖಡಿಕಲ್ಲಿನ ರಾಶಿ, ರಾಶಿಯಡಿ ಹಸಿರು ಚೂರು.

"ನಾನೇರಿ. ಸೂರ್ಯಕಾಂತ. ಸೂಪರ್‌ವೈಸರ್."

"ಕಣ್ಣು ಮನ್ಯಾಗ ಇಟ್ಟು ಬಂದೀರೇನು? ಇಷ್ಟು ದೊಡ್ಡ ಗುಡ್ಡ ಅದ. ಒಡಿಲಿಕ್ಕೆ ಇವೇ ಕಲ್ಲು ಬೇಕಿದ್ವಾ?"

"ಸುಣ್ಣದ ಗುರುತು ಇದ್ದ ಕಲ್ಲು ಒಡಿಯೋದು ನಮ್ಮ ರಿವಾಜು," ಎಂದನವನು. "ಗುರುತು ಇದ್ದವಷ್ಟೇ ಒಡದೀವಿ. ಒಂದೂ ಹೆಚ್ಚಿಗಿ ಇಲ್ಲ."

ಅನಸೂಯಾ ಬಗ್ಗಿ ಸುಣ್ಣ ಅಂಟಿದ ಚೂರೊಂದನ್ನು ಎತ್ತಿಕೊಂಡಳು. ಮತ್ತೆ ಬಂದಾಗ ಗಿಡ ಸಿಗಲೆಂದು ಪ್ರತಿ ಗುಂಪಿನ ಪಕ್ಕದ ಕಲ್ಲಿಗೆ ಸುಣ್ಣ ಹಚ್ಚಿದ್ದು... ಅವಳೇ.

"ಆ ಗುರುತು ನಂದು." ತನ್ನ ಮೇಲೆ ಬರಬೇಕಿದ್ದ ಸಿಟ್ಟು ಎದುರಿಗಿದ್ದವನ ಮೇಲೆ ಹರಿಯಿತು. "ಒಂದು ಮಾತು ಕೇಳಬೇಕಿತ್ತಲ್ಲ?"

"ಕಲ್ಲಿಗೆ ಏನಂತ ಕೇಳ್ಲಿರಿ?"

ಅವನ ಹಿಂದೆ ಸುತ್ತಿಗೆ ಹಿಡಿದು ನಿಂತಿದ್ದ ಚಾಂದಪಾಶಾ ಕಿಸಕ್ಕನೆ ನಕ್ಕ. ಅಷ್ಟು ಸಾಕಾಯಿತು.

ಅಂದು ಸಂಜೆ ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ತಾನೂ ಅತ್ತೆಯೂ ಇದ್ದ ಮನೆಯಲ್ಲಿ ಕೂತು ಗುತ್ತಿಗೆದಾರ ಅಣವೀರಪ್ಪನಿಗೆ ಕಾಗದ ಬರೆದಳು. ನಿಮ್ಮ ಮನುಷ್ಯ ನನ್ನ ಸಂಶೋಧನೆ ಹಾಳು ಮಾಡಿದ್ದಾನೆ, ಕೋರ್ಟಿಗೆ ಹೋಗುತ್ತೇನೆ. ಎರಡು ಪುಟದಲ್ಲಿ ಸುಣ್ಣದ ಮಾತು ಎಲ್ಲೂ ಇರಲಿಲ್ಲ.

ವಾರದೊಳಗೆ ಉತ್ತರ ಬಂತು. ಸೂರ್ಯಕಾಂತನನ್ನು ಕೆಲಸದಿಂದ ತೆಗೆದಾಗಿತ್ತು. ವಿಚಾರಿಸಿದಾಗ ಅವನು ಏನೂ ಹೇಳಲಿಲ್ಲವಂತೆ.

ಯಾಕೆ ಹೇಳಲಿಲ್ಲ? ದೊಡ್ಡವನಾಗಲಿಕ್ಕೆ ಹೊರಟನೇ?

ಅದಕ್ಕೂ ಅವಳಿಗೆ ಸಿಟ್ಟು ಬಂತು. ಭಾನುವಾರ ಕಮಲಾಪುರದ ಬಸ್ಸು ಹತ್ತಿದಳು. ಅವನು ಯಾರದೋ ಕೆಂಪು ಬಾಳೆಯ ತೋಟದಲ್ಲಿ ಗೊನೆ ಹೊರುತ್ತಿದ್ದ.

"ಸುಣ್ಣ ನಾ ಹಚ್ಚಿದ್ದು ಅಂತ ಯಾಕ ಹೇಳಲಿಲ್ಲ?"

ಗೊನೆಯನ್ನು ದಪ್ಪನೆ ಇಳಿಸಿದ. "ನೀವು ಹೇಳ್ತೀರಿ ಅಂತ ಕಾದೆ. ಕಾಲೇಜಿನಾಗ ಪಾಠ ಹೇಳೋರು ನೀವು. ಕಾಗದದಾಗ ಅರ್ಧಾ ಬರದು ಅರ್ಧಾ ನುಂಗಿದ್ರಿ. ಈಗ ಬಂದು ನನಗ ಕೇಳ್ತೀರಿ?" ಅವನ ಕುತ್ತಿಗೆಯ ನರ ಉಬ್ಬಿತ್ತು. "ನಾಚಿಕಿ ಬರಬೇಕರೀ ನಿಮಗ."

ಅನಸೂಯಾ ತೋಟದ ಬದುವಿನ ಮೇಲೆ ಕೂತಳು.

ಗಂಡ ತೀರಿಹೋಗಿ ಮೂರು ವರ್ಷ. ಹಾಲು ಉಕ್ಕಿಸಿದರೂ, ಪರೀಕ್ಷೆಯ ಪೇಪರು ಮರೆತು ಬಂದರೂ ಎಲ್ಲರದೂ ಒಂದೇ ಮಾತು: ಪಾಪ, ಬಿಡ್ರಿ. ಅವಳು ತಪ್ಪು ಮಾಡಬಲ್ಲಳು ಎಂದು ಯಾರೂ ನಂಬಿರಲಿಲ್ಲ. ಈ ಮನುಷ್ಯ ಕ್ಷಮಿಸುತ್ತಿರಲಿಲ್ಲ. ಎದೆಯೊಳಗೆ ಏನೋ ನೊಂದಿತು... ನೋವಾಗುವುದೇ ಅವಳಿಗೆ ಮರೆತುಹೋಗಿತ್ತು.

ಅಲ್ಲಿಂದ ನೇರ ಕಲಬುರಗಿಯ ನೆಹರು ಗಂಜಿನ ಹತ್ತಿರದ ಅಣವೀರಪ್ಪನ ಆಫೀಸಿಗೆ ಹೋದಳು. "ಸುಣ್ಣ ಹಚ್ಚಿದ್ದು ನಾನು. ಬರಿಲಿಲ್ಲ. ತಪ್ಪು ನಂದು," ಎಂದು ನಿಂತೇ ಹೇಳಿದಳು. ಮರುದಿನ ಸೂರ್ಯಕಾಂತ ಕೆಲಸಕ್ಕೆ ಮರಳಿದ.

ಆಮೇಲಿನ ಭಾನುವಾರಗಳಲ್ಲಿ, ಅವಳು ಕರೆದಿದ್ದಕ್ಕೆ ಅವನೂ ಬಂದು, ಇಬ್ಬರೂ ಉಳಿದ ಗಿಡಕ್ಕಾಗಿ ಗುಡ್ಡದ ಆಚೆ ಬದಿ ಹುಡುಕಿದರು. ದಾರಿಯುದ್ದಕ್ಕೂ ಜಗಳ.

"ಅದು ಕತ್ತಾಳಿ ಅಲ್ಲ, ಲೋಳಸರ. ಎಷ್ಟು ಸಲ ಹೇಳಬೇಕು?"

"ಎರಡಕ್ಕೂ ಮುಳ್ಳು ಅವ. ಎರಡೂ ನಿಮ್ಮಂಗೇ."

ದೀಪಾವಳಿ ಕಳೆದ ಮೇಲೆ ಒಂದು ದಿನ, ಕಡಿದಾದ ಬಂಡೆಯ ಸಂದಿಯಲ್ಲಿ ಒಂದು ಗುಂಪು ಕಂಡಿತು. ಒಂದೇ. ತುದಿಯಲ್ಲಿ ಕಂದು ಹೂ, ಕಾಳಿನಷ್ಟು. ಅನಸೂಯಾ ಮಂಡಿಯೂರಿ ಕೂತಳು. ಅಳು ಬಂತು. ಅವನು ಸಮಾಧಾನ ಮಾಡಲು ಹೋಗಲಿಲ್ಲ.

"ನನ್ನ ಮ್ಯಾಲಿನ ಸಿಟ್ಟು ಇಳೀತೇನರಿ?" ಎಂದು ಅವಳೇ ಕೇಳಿದಳು.

"ಪೂರಾ ಇಲ್ಲ."

"ನಂದೂ ಇಲ್ಲ. ಸತ್ತ ಗಂಡನ ಮ್ಯಾಲೂ ಅದ. ಒಂದು ಮಾತು ಹೇಳದೇ ಹೋದ್ರು..."

"ಅದು ಅವರದು, ಇರ್ಲಿ. ನಾ ಮುಟ್ಟಂಗಿಲ್ಲ." ಅವಳ ಕಡೆ ತಿರುಗಿ ಅಂದ, "ನನ್ನ ಮ್ಯಾಲಿನ ಸಿಟ್ಟು ದಿನಾ ನನಗೇ ಹೇಳ್ರಿ. ಭಾನುವಾರ ತನಕ ಕಾಯೋದು ಆಗವಲ್ದು."

ಅವಳು ಮಂಡಿಯ ಮಣ್ಣು ಕೊಡವಿ ಎದ್ದಳು. "ಹಂಗಿದ್ರ ಮನಿಗೆ ಬರ್ರಿ. ಲಗ್ನದ ಮಾತು ಅತ್ತಿಯವರ ಎದುರಿಗೇ ಕೇಳ್ರಿ."

"ಜಾತಿ ತಿಳೀಲಿ ಅಂತ ಅವರು ಮೊದಲು ನನ್ನ ಅಡ್ಡಹೆಸರು ಕೇಳ್ತಾರ, ಅನಸೂಯಾಬಾಯಿ. ಕೇಳಿದ ಮ್ಯಾಲೆ ಚಹಾ ಸೈತ ಕೊಡಂಗಿಲ್ಲ."

"ಹೆಸರು ಪೂರಾ ಹೇಳ್ರಿ. ಜಗಳ ಬಂದ್ರ ನಾ ಆಡ್ತೀನಿ."

"ಚಹಾ?"

"ನಾ ಮಾಡಿ ಕೊಡ್ತೀನಿ. ಒಂದೇ ಕಪ್ಪಿನಾಗ ಇಬ್ಬರೂ ಕುಡ್ಯೋಣ... ಅವರು ನೋಡ್ಲಿ."