ಡೀಕನ್ ಆಸಾ ಹೇಳದೆ ಹೋದ ಸಂಖ್ಯೆ

"ಚೆನ್ನಾಗಿ ಒರೆಸು ಜೋನೆಲ್. ಹೋದ ವರ್ಷದ ದರಿದ್ರ ಒಂದು ಚೂರೂ ಉಳೀಬಾರದು," ಎಂದರು ಮಿಸ್ಟರ್ ರೂಫಸ್.

ಜೋನೆಲ್ ಸ್ಟೂಲಿನ ಮೇಲೆ ನಿಂತು ಗೋಡೆಯ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಮಿಸ್ಟರ್ ರೂಫಸರ ಕಟಿಂಗ್ ಶಾಪಿನಲ್ಲಿ ಆ ಹಲಗೆಯ ಮೇಲೆ ವರ್ಷವಿಡೀ ಒಂದೇ ಸಂಖ್ಯೆ ಇರುತ್ತಿತ್ತು. ಅದನ್ನು ಬರೆಯುತ್ತಿದ್ದವನು ಜೋನೆಲ್‌ಳ ತಾತ, ಚರ್ಚಿನ ಹಿರಿಯ ಸೇವಕನಾದ ಡೀಕನ್ ಆಸಾ ಪೆಟ್ವೇ.

ಈ ಸೀಸನ್ನಿನಲ್ಲಿ ಆಲ್ಡರ್ ಬೆಂಡ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮು ಪ್ರತಿ ಮ್ಯಾಚಿನಲ್ಲಿ ಎದುರಾಳಿಗೆ ಸರಾಸರಿ ಎಷ್ಟು ಪಾಯಿಂಟ್ ಬಿಟ್ಟುಕೊಡುತ್ತದೆ ಎನ್ನುವುದೇ ಆ ಸಂಖ್ಯೆ. ಎದುರಾಳಿ ಚೆಂಡು ಅವುಚಿಕೊಂಡು ಓಡಿ ಬಂದರೆ ಅವನನ್ನು ಹಿಡಿದು ಕೆಡವುವ ಹನ್ನೊಂದು ಹುಡುಗರೇ ಡಿಫೆನ್ಸು. ಹೋದ ವರ್ಷ ತಾತ ಮೂವತ್ತಮೂರು ಎಂದಿದ್ದ. ಮೂವತ್ತನಾಲ್ಕು ಆಯಿತು. ಇಪ್ಪತ್ತೆರಡು ವರ್ಷಗಳಲ್ಲಿ ತಾತನ ಮಾತು ಎರಡು ಪಾಯಿಂಟಿಗಿಂತ ಹೆಚ್ಚು ತಪ್ಪಿದ್ದೇ ಇಲ್ಲ.

"ಈ ಸಲ ಹನ್ನೊಂದರಲ್ಲಿ ಒಂಬತ್ತು ಜನ ಹಳಬರೇ ವಾಪಸ್ ಬಂದಿದ್ದಾರೆ ಕಣಯ್ಯ. ಡಿಫೆನ್ಸು ಕಲ್ಲಿನ ಗೋಡೆ ಆಗುತ್ತೆ, ನೋಡ್ತಾ ಇರು," ಎಂದರು ಕುರ್ಚಿಯಲ್ಲಿ ಕುಳಿತಿದ್ದ ಪೋಸ್ಟ್‌ಮ್ಯಾನ್ ಕ್ಲೈಡ್. ಅವರ ಅರ್ಧ ತಲೆಗೆ ಕಟಿಂಗ್ ಆಗಿತ್ತು.

"ಆ ಒಂಬತ್ತು ಜನವೇ ತಾನೆ ಹೋದ ವರ್ಷ ಜರಡಿ ಥರ ಸೋರಿಸಿದ್ದು?" ಎಂದು ಮಿಸ್ಟರ್ ರೂಫಸ್ ನಕ್ಕರು. "ಜರಡಿ ವಾಪಸ್ ಬಂತು ಅಂತ ಯಾರಾದ್ರೂ ಡ್ಯಾನ್ಸ್ ಮಾಡ್ತಾರಾ?"

"ನೋಡೋಣ, ಡೀಕನ್ ಏನಂತಾರೋ."

"ಅವನು ಮೈದಾನಕ್ಕೆ ಹೋಗಿ ನೋಡೋ ತನಕ ಬಾಯಿ ಬಿಡಲ್ಲ. ಹೌದಲ್ವಾ ಮರಿ?"

ಜೋನೆಲ್ ತಲೆಯಾಡಿಸಿದಳು. ಆಗಸ್ಟ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ತಾತ ಕಾಲೇಜಿನ ಪ್ರಾಕ್ಟೀಸ್ ನೋಡಿ, ನೇರವಾಗಿ ಶಾಪಿಗೆ ಬಂದು, ಸೀಮೆಸುಣ್ಣ ಹಿಡಿಯುವುದು ಪದ್ಧತಿ. ಎರಡು ವರ್ಷದಿಂದ ಜೋನೆಲ್ ಅವನ ಜೊತೆ ಹೋಗುತ್ತಿದ್ದಳು. "ನೀನು ಮುಂದೆ ಹೋಗಿ ಹಲಗೆ ಒರೆಸ್ತಿರು. ನಾನು ಶೂ ಹಾಕ್ಕೊಂಡು ಬಂದೆ," ಎಂದು ಅವನೇ ಈಗ ತಾನೆ ಕಳಿಸಿದ್ದ.

ಫೋನು ಬಡಿದುಕೊಂಡಿತು.

ಮಿಸ್ಟರ್ ರೂಫಸ್ ಎತ್ತಿದರು. ಆ ಕಡೆ ಜೋನೆಲ್‌ಳ ಅಜ್ಜಿ. "ಹೇಳಮ್ಮ," ಎಂದರು. ಅವರ ಇನ್ನೊಂದು ಕೈಯಲ್ಲಿ ಕಟಿಂಗ್ ಮೆಷಿನ್ನು ಗುಂಯ್‌ಗುಟ್ಟುತ್ತಲೇ ಇತ್ತು. ಅದನ್ನು ಆರಿಸುವುದು ಅವರಿಗೆ ಮರೆತೇಹೋಗಿತ್ತು.

ತಾತ ಒಂದು ಶೂ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಜಗಲಿಯ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದ. ದೇವರು ಅವನನ್ನು ಅಷ್ಟು ಮೆಲ್ಲಗೆ ಕರೆದಿದ್ದ.

ಮಿಸ್ಟರ್ ರೂಫಸ್ ಜೋನೆಲ್‌ಳನ್ನು ಸ್ಟೂಲಿನಿಂದ ಇಳಿಸಿ ಎದೆಗೆ ಒತ್ತಿಕೊಂಡು ವಿಷಯ ಹೇಳಿದರು. ಅವರ ಅಂಗಿಯಿಂದ ಪೌಡರಿನ ವಾಸನೆ ಬರುತ್ತಿತ್ತು. ಪೋಸ್ಟ್‌ಮ್ಯಾನ್ ಕ್ಲೈಡ್ ಕುತ್ತಿಗೆಗೆ ಸುತ್ತಿದ್ದ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು. ಎಲ್ಲರೂ ಖಾಲಿ ಹಲಗೆಯ ಕಡೆ ನೋಡುತ್ತಿದ್ದರು.

"ಏನೂ ಹೇಳದೇ ಹೋಗಿಬಿಟ್ಟ," ಎಂದರು ಮಿಸ್ಟರ್ ರೂಫಸ್.

ಜೋನೆಲ್‌ಳಿಗೆ ಆ ಖಾಲಿ ಹಲಗೆಯನ್ನು ನೋಡಲು ಆಗಲಿಲ್ಲ. ಅದನ್ನು ಒರೆಸಿದವಳು ತಾನೇ. ತಾತನನ್ನೇ ಒರೆಸಿ ಹಾಕಿದ ಹಾಗೆ ಅನ್ನಿಸಿತು.

"ಹೇಳಿದ್ದ," ಎಂದಳು. "ನಿನ್ನೆ ನನಗೆ ಹೇಳಿದ್ದ. ಹದಿನೇಳು ಅಂತ."

"ಹದಿನೇಳಾ!" ಕ್ಲೈಡ್ ಎದ್ದು ನಿಂತರು. "ಮೂವತ್ತನಾಲ್ಕರಿಂದ ಹದಿನೇಳಕ್ಕೆ! ಅರ್ಧಕ್ಕರ್ಧ!"

"ಪ್ರಾಕ್ಟೀಸ್ ನೋಡೋದಕ್ಕೆ ಮುಂಚೇನೇ ಹೇಳಿಬಿಟ್ಟನಾ?" ಎಂದು ಕೇಳಿದರು ಮಿಸ್ಟರ್ ರೂಫಸ್. "ತಾನು ಹೊರಡೋದು ಅವನಿಗೆ ಗೊತ್ತಿತ್ತು ಕಣೋ. ಗೊತ್ತಿತ್ತು."

ಅವರು ಸೀಮೆಸುಣ್ಣ ತೆಗೆದುಕೊಂಡು ದೊಡ್ಡದಾಗಿ ಹದಿನೇಳು ಎಂದು ಬರೆದರು. ಕೆಳಗೆ 'ಡೀಕನ್ ಆಸಾ' ಎಂದು ಸೇರಿಸಿದರು.

ಆ ಸಂಜೆಯಿಂದಲೇ ಮನೆಗೆ ಜನ ಬರತೊಡಗಿದರು. ಬರಿಗೈಯಲ್ಲಿ ಯಾರೂ ಬರಲಿಲ್ಲ. ಹುರಿದ ಕೋಳಿ, ಜೋಳದ ಬ್ರೆಡ್, ಸಿಹಿಗೆಣಸಿನ ಪೈ ಮೇಜಿನ ತುಂಬ ಸೇರಿದವು. ಮಾತಿನಲ್ಲಿ ಮಾತ್ರ ಎಲ್ಲರೂ ಒಂದನ್ನೇ ತಂದಿದ್ದರು.

"ಹದಿನೇಳಂತೆ, ಐವರಿ. ದೇವರೇ ಅವನಿಗೆ ತೋರಿಸಿಕೊಟ್ಟಿದ್ದಾನೆ," ಎಂದರು ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುತ್ತಿದ್ದ ಪರ್ಲಿ, ಅಜ್ಜಿಯ ಕೈ ಹಿಡಿದುಕೊಂಡು.

ಐವರಿ ಅಜ್ಜಿ ಜೋನೆಲ್‌ಳ ಮುಖವನ್ನು ಒಂದು ಗಳಿಗೆ ನೋಡಿದಳು. "ಹಾಗಂತಿದ್ದಾರೆ," ಎಂದು ತಟ್ಟೆ ತೊಳೆಯಲು ಎದ್ದುಹೋದಳು.

ಸೋಮವಾರ ಟೀಮಿನ ಹುಡುಗ ಲೆವೊನ್ ಬಂದ. ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಹೋದ ವರ್ಷ ಓಡುಗರು ಅವನ ಕೈಯಿಂದಲೇ ಹೆಚ್ಚಾಗಿ ಜಾರಿಹೋಗಿದ್ದರು.

"ಕೋಚ್ ನಮ್ಮ ಲಾಕರ್ ರೂಮಿನ ಬಾಗಿಲ ಮೇಲೆ ಹದಿನೇಳು ಅಂತ ಬರೆಸಿದ್ದಾರೆ ಮ್ಯಾಮ್," ಎಂದು ಅಜ್ಜಿಗೆ ಹೇಳಿದ. ಮುಖದಲ್ಲಿ ನಗು ಇರಲಿಲ್ಲ. "ನಮ್ಮ ಕೈಲಾಗುತ್ತೋ ಇಲ್ಲವೋ ಗೊತ್ತಿಲ್ಲ. ಡೀಕನ್ ಹೇಳಿದಾರೆ ಅಂದಮೇಲೆ ಆಗಲೇಬೇಕು."

ಜೋನೆಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಹದಿನೇಳು ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಿರಲಿಲ್ಲ. ಖಾಲಿ ಹಲಗೆ ತುಂಬಲಿ ಎಂದು ಬಾಯಿಗೆ ಬಂದದ್ದು ಅದು. ಈಗ ಅದಕ್ಕೆ ತಾತನ ಹೆಸರು ಅಂಟಿಕೊಂಡಿತ್ತು. ನವೆಂಬರಿನಲ್ಲಿ ಸೀಸನ್ ಮುಗಿದಾಗ ಲೆಕ್ಕ ತಪ್ಪಿದರೆ ಜನ ಏನಂದಾರು? ಡೀಕನ್ ಆಸಾನ ಕೊನೆಯ ಮಾತು ಸುಳ್ಳಾಯಿತು ಎಂದಾರು. ಇಲ್ಲ ಎನ್ನಲು ತಾತ ಬರುವ ಹಾಗಿಲ್ಲ.

ಬುಧವಾರ ಬೆಳಿಗ್ಗೆ ಅವಳು ಶಾಪಿಗೆ ಹೋದಳು.

"ಮಿಸ್ಟರ್ ರೂಫಸ್, ನನ್ನನ್ನ ಪ್ರಾಕ್ಟೀಸಿಗೆ ಕರ್ಕೊಂಡು ಹೋಗ್ತೀರಾ?"

"ಇವತ್ತಾ? ಶನಿವಾರ ಫ್ಯೂನರಲ್ ಇಟ್ಟುಕೊಂಡು?"

"ಇವತ್ತೇ ನೋಡಬೇಕು."

ಅವರು ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ ಶಾಪಿನ ಬಾಗಿಲು ಎಳೆದುಕೊಂಡರು.

ಬಿಸಿಲು ಆಗಲೇ ಏರಿತ್ತು. ಮೈದಾನದಿಂದ ಕತ್ತರಿಸಿದ ಹುಲ್ಲಿನ ವಾಸನೆ ಬರುತ್ತಿತ್ತು. ಜೋನೆಲ್ ತಾತ ಕೂರುತ್ತಿದ್ದ ಜಾಗದಲ್ಲೇ ಕುಳಿತಳು. ಗ್ಯಾಲರಿಯ ಮೇಲಲ್ಲ, ಕೆಳಗಿನ ಎರಡನೇ ಸಾಲಿನಲ್ಲಿ, ಮೂಲೆಯಲ್ಲಿ.

ಬೇರೆಯವರೆಲ್ಲ ಚೆಂಡನ್ನು ನೋಡುತ್ತಿದ್ದರು. ತಾತ ಚೆಂಡನ್ನು ನೋಡುತ್ತಲೇ ಇರಲಿಲ್ಲ. ಓಡುವವನ ಮೈಗೆ ನಮ್ಮ ಹುಡುಗನ ಕೈ ತಾಗುತ್ತದಲ್ಲ, ಆ ಕ್ಷಣದಿಂದ ಅವನು ಬೀಳುವ ತನಕ ಎಷ್ಟು ಹೆಜ್ಜೆ ಹಾಕಿದ? ಅದನ್ನೇ ಎಣಿಸುತ್ತಿದ್ದ. ಒಳ್ಳೆಯ ಡಿಫೆನ್ಸಿನಲ್ಲಿ ಓಡುವವನು ಒಂದೆರಡು ಹೆಜ್ಜೆಗೆ ಬೀಳುತ್ತಾನೆ. ಹೋದ ವರ್ಷ ನಾಲ್ಕು ಹೆಜ್ಜೆ ಹೋಗುತ್ತಿದ್ದರು. ಒಂದು ಹೆಜ್ಜೆ ಕಡಿಮೆಯಾದರೆ ಮ್ಯಾಚಿಗೆ ಏಳು ಪಾಯಿಂಟ್ ಉಳಿಯುತ್ತದೆ ಎಂಬುದು ಇಪ್ಪತ್ತೆರಡು ವರ್ಷ ನೋಡಿ ನೋಡಿ ತಾತ ಕಂಡುಕೊಂಡಿದ್ದ ಲೆಕ್ಕ.

ಕೋಚ್ ಸೀಟಿ ಊದಿದರು. ಹುಡುಗರು ಢಿಕ್ಕಿ ಹೊಡೆದರು.

"ಮೂರು," ಎಂದು ಜೋನೆಲ್ ನೋಟ್‌ಬುಕ್ಕಿನಲ್ಲಿ ಗೀಟು ಎಳೆದಳು. "ಎರಡು. ನಾಲ್ಕು. ಲೆವೊನ್ ಮತ್ತೆ ಜಾರಿಸಿದ, ಐದು. ಮೂರು."

ಅವಳಿಗೆ ಅಳು ಬರುತ್ತಿತ್ತು. ಒರೆಸಿಕೊಂಡರೆ ಹೆಜ್ಜೆ ತಪ್ಪುತ್ತದೆ ಎಂದು ಕಣ್ಣು ಮಿಟುಕಿಸದೆ ನೋಡಿದಳು. ಒಂದೆರಡು ಸಲ ಲೆವೊನನಿಗೆ ಒಂದು ಹೆಜ್ಜೆ ಕಡಿಮೆ ಹಾಕೋಣವೇ ಅನ್ನಿಸಿತು. ಪಾಪ, ಎಷ್ಟು ಕಷ್ಟಪಡುತ್ತಿದ್ದಾನೆ. ಆದರೆ ಪೆನ್ಸಿಲ್ ಕಂಡದ್ದನ್ನೇ ಬರೆಯಿತು.

ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಮೂವತ್ತು ಸಲ ಕೆಡವಿದ್ದರು. ಒಟ್ಟು ತೊಂಬತ್ತು ಹೆಜ್ಜೆ.

"ಸರಾಸರಿ ಮೂರು ಹೆಜ್ಜೆ," ಎಂದಳು ಜೋನೆಲ್. "ಒಂದು ಹೆಜ್ಜೆ ಕಡಿಮೆ ಆಗಿದೆ. ಮೂವತ್ತನಾಲ್ಕರಲ್ಲಿ ಏಳು ಹೋದರೆ ಇಪ್ಪತ್ತೇಳು."

ಮಿಸ್ಟರ್ ರೂಫಸ್ ಅವಳ ಗೀಟುಗಳನ್ನೇ ನೋಡುತ್ತಿದ್ದರು. "ಹದಿನೇಳಲ್ಲ?"

"ತಾತ ಹದಿನೇಳು ಅಂದಿರಲಿಲ್ಲ. ಅವನು ಏನೂ ಅಂದಿರಲಿಲ್ಲ. ನಾನೇ ಹೇಳಿದ್ದು."

ಅವರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ನೋಡು ಮರಿ," ಎಂದರು. "ಊರಿನವರಿಗೆಲ್ಲ ನಾನೇ ಹೇಳಿಬಿಟ್ಟಿದ್ದೀನಿ. ಫ್ಯೂನರಲ್ ಕಾರ್ಡಿನಲ್ಲೂ ಪಾಸ್ಟರ್ ಅದನ್ನ ಪ್ರಿಂಟ್ ಮಾಡಿಸಿದ್ದಾರೆ. ಜನಕ್ಕೆ ದುಃಖದಲ್ಲಿ ಒಂದಿಷ್ಟು ಸಮಾಧಾನ ಸಿಕ್ಕಿದೆ. ಇದು ನಮ್ಮಿಬ್ಬರಲ್ಲೇ ಇದ್ದರೆ ಯಾರಿಗೆ ಏನು ನಷ್ಟ? ನಾನಂತೂ ಬಾಯಿ ಬಿಡಲ್ಲ."

"ನಷ್ಟ ತಾತನಿಗೆ," ಎಂದಳು ಜೋನೆಲ್.

ಮಿಸ್ಟರ್ ರೂಫಸ್ ಟೋಪಿ ಹಾಕಿಕೊಂಡು ಎದ್ದರು.

ಶನಿವಾರ ಚರ್ಚು ತುಂಬಿತ್ತು. ಹೆಂಗಸರು ಬಿಳಿ ಟೋಪಿ ಹಾಕಿದ್ದರು. ಟೀಮಿನ ಹುಡುಗರು ಜೆರ್ಸಿ ತೊಟ್ಟು ಹಿಂದಿನ ಎರಡು ಬೆಂಚುಗಳಲ್ಲಿ ಒತ್ತಿಕೊಂಡು ಕುಳಿತಿದ್ದರು. ಎರಡು ಹಾಡುಗಳಾದವು. ಆಮೇಲೆ ಪಾಸ್ಟರ್ ಹೋಲಿಸ್ ಎದ್ದು, "ಡೀಕನ್ ಬಗ್ಗೆ ಮಾತಾಡೋರು ಬನ್ನಿ. ಒಬ್ಬೊಬ್ಬರಿಗೆ ಎರಡೇ ನಿಮಿಷ. ಕ್ಲೈಡ್, ಎರಡು ಅಂದರೆ ಎರಡು," ಎಂದರು. ದುಃಖದ ನಡುವೆಯೂ ಜನ ನಕ್ಕರು.

ಕ್ಲೈಡ್ ಆರು ನಿಮಿಷ ಮಾತಾಡಿದರು. ಅದರಲ್ಲಿ ನಾಲ್ಕು ಸಲ ಹದಿನೇಳು ಬಂತು.

ಜೋನೆಲ್ ಎದ್ದಳು. ಅಜ್ಜಿ ತಡೆಯಲಿಲ್ಲ. ಮೈಕ್ ಎತ್ತರದಲ್ಲಿತ್ತು. ಮಿಸ್ಟರ್ ರೂಫಸ್ ಬಂದು ತಗ್ಗಿಸಿಕೊಟ್ಟು, ಪಕ್ಕದಲ್ಲೇ ನಿಂತರು.

"ನನ್ನ ತಾತ..." ಎಂದಳು.

"ನಿಧಾನ ಕಂದ, ನಿಧಾನವಾಗಿ ಹೇಳು," ಎಂದು ಬೆಂಚಿನಿಂದ ಯಾರೋ ಅಂದರು.

"ತಾತ ಹದಿನೇಳು ಅಂತ ಹೇಳಿರಲಿಲ್ಲ. ಹಲಗೆ ಖಾಲಿ ಇತ್ತು. ನನಗೆ ನೋಡೋಕಾಗಲಿಲ್ಲ. ಅದಕ್ಕೆ ನಾನೇ ಹೇಳಿದೆ. ತಾತ ನೋಡದೇ ಇರೋದನ್ನ ಯಾವತ್ತೂ ಹೇಳಿಲ್ಲ. ಬುಧವಾರ ನಾನು ಹೋಗಿ ಹೆಜ್ಜೆ ಎಣಿಸಿದೆ. ಇಪ್ಪತ್ತೇಳು ಬಂತು. ಅದು ನನ್ನ ಲೆಕ್ಕ, ತಪ್ಪಿದರೆ ನನ್ನನ್ನ ಬೈರಿ. ತಾತನ್ನ ಬೈಬೇಡಿ."

ಚರ್ಚಿನಲ್ಲಿ ಬೀಸಣಿಗೆಗಳು ನಿಂತುಹೋದವು. ಕ್ಲೈಡ್ ಕೈಯಲ್ಲಿದ್ದ ಕಾರ್ಡನ್ನು ತಿರುಗಿಸಿ ನೋಡಿದರು, ಅದರ ಹಿಂದೆ ಬೇರೆ ಏನೋ ಬರೆದಿರಬಹುದು ಎನ್ನುವ ಹಾಗೆ. "ನನಗೆ ಹದಿನೇಳೇ ಚೆನ್ನಾಗಿತ್ತು," ಎಂದು ಸಿಸ್ಟರ್ ಪರ್ಲಿ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಮುಂದಿನ ಸಾಲಿನ ಒಬ್ಬರು ಮುಖ ತಿರುಗಿಸಿಕೊಂಡರು. ಜೋನೆಲ್‌ಳ ಕಿವಿ ಸುಡುತ್ತಿತ್ತು.

ಆಗ ಹಿಂದಿನ ಬೆಂಚಿನಿಂದ ಲೆವೊನ್ ಎದ್ದ.

"ನಾನು ಎಷ್ಟು ಹೆಜ್ಜೆ ಬಿಟ್ಟೆ?" ಎಂದು ಕೇಳಿದ.

"ನೀನಾ? ಒಂದು ಸಲ ಐದು," ಎಂದಳು ಜೋನೆಲ್. "ಆಮೇಲೆ ಆರು. ಆದರೆ ಕೊನೇಲಿ ಎರಡೇ."

"ಸರಿಯಾಗೇ ಎಣಿಸಿದ್ದೀಯ," ಎಂದ ಅವನು. "ಐದು ದಿನದಿಂದ ಆ ಬಾಗಿಲು ಕಣ್ಣಿಗೆ ಬೀಳಬಾರದು ಅಂತ ನೆಲ ನೋಡ್ಕೊಂಡೇ ಒಳಗೆ ಹೋಗ್ತಿದ್ದೆ. ಇಪ್ಪತ್ತೇಳು ಅಂದರೆ... ಅದು ನಮ್ಮ ಕೈಲಾಗುತ್ತೆ."

"ಆಮೆನ್," ಎಂದರು ಪಾಸ್ಟರ್. ಟೀಮಿನ ಬೆಂಚುಗಳಿಂದ ಒಂದೊಂದಾಗಿ ಆಮೆನ್ ಎದ್ದಿತು. ಎಲ್ಲರೂ ಅನ್ನಲಿಲ್ಲ.

ಜೋನೆಲ್ ಬಂದು ಅಜ್ಜಿಯ ಪಕ್ಕ ಕುಳಿತಳು.

"ಕೋಪ ಬಂತಾ ಅಜ್ಜಿ?"

"ನಲವತ್ತೊಂದು ವರ್ಷ ಸಂಸಾರ ಮಾಡಿದ್ದೀನಿ," ಎಂದು ಅಜ್ಜಿ ಪಿಸುಗುಟ್ಟಿದಳು. "ಪ್ರಾಕ್ಟೀಸ್ ನೋಡೋ ಮುಂಚೆ ಆ ಮನುಷ್ಯ ನನಗೇ ಹೇಳ್ತಿರಲಿಲ್ಲ. ನಿನಗೆ ಹೇಳಿದ್ದ ಅಂದಾಗಲೇ ನನಗೆ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಅವನ ಮೊಮ್ಮಗಳಲ್ವಾ. ಹೋಗಿ ನೋಡಿ ಬರ್ತೀಯ ಅಂತ ಕಾಯ್ತಿದ್ದೆ."

ಜೋನೆಲ್ ಮುಂದೆ ನೋಡಿದಳು. ಇನ್ನು ಮೇಲೆ ತಾತ ಯಾವ ಮಾತನ್ನೂ ಆಡುವುದಿಲ್ಲ ಎಂಬುದು ಅವಳಿಗೆ ಈ ವಾರವೆಲ್ಲ ಗೊತ್ತಿತ್ತು, ಆದರೆ ಮನಸ್ಸಿಗೆ ಇಳಿದದ್ದು ಈಗ. ಅವನ ಬಾಯಲ್ಲಿ ತಾನು ಮಾತು ಇಡಲಾಗದು. ಅವನು ಕೂತ ಕಡೆ ಕೂತು, ಅವನು ನೋಡಿದ ಹಾಗೆ ನೋಡಬಹುದು, ಅಷ್ಟೆ. ಅದು ಕಡಿಮೆಯೇನಲ್ಲ ಅನ್ನಿಸಿತು. ಆಗ ತಡೆದಿಟ್ಟಿದ್ದ ಅಳು ಬಂತು. ಅಜ್ಜಿ ಕರವಸ್ತ್ರ ಕೊಟ್ಟಳು.

ಪಾಸ್ಟರ್ ಎಲ್ಲರನ್ನೂ ತಲೆ ಬಾಗಿಸಲು ಹೇಳಿದರು. ಅವರ ಗಟ್ಟಿಯಾದ ಪ್ರಾರ್ಥನೆಯ ಕೆಳಗೆ ಜೋನೆಲ್ ತನ್ನದೇ ಸಣ್ಣ ಪ್ರಾರ್ಥನೆ ಹೇಳಿಕೊಂಡಳು.

"ಕರ್ತನೇ, ನನ್ನ ತಾತ ನಿನ್ನ ಹತ್ತಿರ ಬಂದಿದ್ದಾನೆ. ದಿನಾ ಬೆಳಗಾಗೋ ಮುಂಚೆ ಏಳುತ್ತಿದ್ದ, ಇನ್ನಾದರೂ ಅವನು ಚೆನ್ನಾಗಿ ನಿದ್ದೆ ಮಾಡಲಿ. ಅವನ ಮೊಣಕಾಲಿನ ನೋವು ತೆಗೆದುಬಿಡು. ನಾವಿಲ್ಲ ಅಂತ ಅವನಿಗೆ ಬೇಜಾರಾಗದ ಹಾಗೆ ನೋಡಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್."