ಒಂದೇ ಮುಖದ ಕುಂಬಳಗಳು

ಕೊಯ್ದ ಕುಂಬಳಗಳನ್ನು ಬೀಜಭಂಡಾರದ ಕಚೇರಿಯ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಇಟ್ಟಾಗಲೇ ನಷ್ಟ ಬಯಲಾಯಿತು. ಮೂವತ್ತು ಕಾಯಿಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು—ಬೂದಿ ಬಣ್ಣ, ಉದ್ದ ಕತ್ತು, ನಯವಾದ ಮೈ. ಗೋಡೆಯ ಮೇಲಿನ ಹಳೆಯ ಫೋಟೋದಲ್ಲಿ ಇದೇ ಇಪ್ಪತ್ತೊಂದನೆಯ ನಂಬರಿನ ತಳಿಯ ಕಾಯಿಗಳು ಬೇರೆಯೇ ಇದ್ದವು: ಒಂದು ಚಪ್ಪಟೆ, ಒಂದು ಮೈತುಂಬ ಗಂಟು, ಒಂದಕ್ಕೆ ಹಸಿರು ಪಟ್ಟೆ, ತುದಿಯಲ್ಲೊಂದು ಮಾತ್ರ ಬೂದಿ ಬಣ್ಣದ ಉದ್ದ ಕತ್ತಿನದು. ಉಳಿದವು ಎಲ್ಲಿ ಹೋದವು?

ದೇವರು ಬೇರೆ ಬೇರೆ ಮಾಡಿಟ್ಟದ್ದನ್ನು ಬೇರೆ ಬೇರೆಯಾಗಿಯೇ ಕಾಯುವುದಕ್ಕೆ ಆ ಬೀಜಭಂಡಾರ ಇದ್ದದ್ದು. ಎಲ್ಲವೂ ಒಂದೇ ಆದರೆ ಒಂದು ರೋಗ ಸಾಕು, ಎಲ್ಲವನ್ನೂ ಒಟ್ಟಿಗೆ ಗುಡಿಸಿಕೊಂಡು ಹೋಗುತ್ತದೆ.

ನಿರ್ದೇಶಕರ ಅನುಮಾನ ಬಿದ್ದದ್ದು ಬೀಗದಕ್ಕನ ಮೇಲೆ. ತಂಪು ಕೋಣೆಯ ಬೀಗದ ಕೈ ಹನ್ನೊಂದು ವರ್ಷದಿಂದ ಅವಳ ಬಳಿಯೇ ಇತ್ತು. ಹೆಸರು ಬಂದದ್ದೂ ಹಾಗೆ. ಒಳ್ಳೆಯ ಬೀಜ ಯಾರಿಗೋ ಕೊಟ್ಟು ಪೇಟೆಯ ಬೀಜ ತುಂಬಿಟ್ಟಿದ್ದಾಳೆ ಎಂಬುದು ಅವರ ತರ್ಕ. ನಾಳೆ ಸಂಜೆಯೊಳಗೆ ಬೀಗದ ಕೈ ಒಪ್ಪಿಸಿ ಮನೆಗೆ ಹೋಗು ಎಂದುಬಿಟ್ಟಿದ್ದರು. ಆದರೂ ಮನಸ್ಸು ತಡೆಯದೆ, ತಮಗೆ ಸಸ್ಯಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ಹೇಳಿಕಳಿಸಿದರು. ಕಳೆದದ್ದನ್ನು ಹುಡುಕಿಕೊಡುವುದರಲ್ಲಿ ಆ ಮುದುಕರದು ಎತ್ತಿದ ಕೈ.

ಮೇಷ್ಟ್ರು ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಬಂದರು. ತಂಪು ಕೋಣೆಯ ಬೀಜದ ಲಕೋಟೆಗಳ ಮೊಹರು ತಿರುಗಿಸಿ ನೋಡಿದರು—ಒಂದೂ ಒಡೆದಿರಲಿಲ್ಲ. ಬೀಗದಕ್ಕನನ್ನು ಎದುರಿಗೆ ಕೂರಿಸಿಕೊಂಡರು.

"ಬೀಜ ಯಾರಿಗಾದ್ರೂ ಕೊಟ್ಟಿದ್ದೀಯೇನಮ್ಮ?"

"ಇಲ್ಲ ಮೇಷ್ಟ್ರೇ."

"ಹೊಲದಲ್ಲಿ ಹೂವಿಗೆ ಹೂ ಕೂಡಿಸೋದು ಯಾರು?"

"ಹೂವಜ್ಜ. ಮೂವತ್ತು ವರ್ಷದಿಂದ ಅವರೇ."

"ಅವರ ಕೆಲಸದಲ್ಲಿ ಈಚೆಗೆ ಏನಾದ್ರೂ ಬದಲಾಗಿದೆಯಾ?"

ಅವಳು ತಲೆ ತಗ್ಗಿಸಿದಳು. "ಅದೊಂದು ಕೇಳಬೇಡಿ."

ಪಕ್ಕದಲ್ಲಿದ್ದ ನಿರ್ದೇಶಕರು, ನೋಡಿದಿರಾ ಎಂಬಂತೆ ಹುಬ್ಬೇರಿಸಿದರು. ಮೇಷ್ಟ್ರು ಹೊಲಕ್ಕೆ ಇಳಿದರು.

ಬಳ್ಳಿಗಳಲ್ಲಿ ಇನ್ನೂ ಕಡೆಯ ಹೂಗಳಿದ್ದವು. ಹೂವಜ್ಜ ಗೇಟಿನ ಪಕ್ಕದ ಬಳ್ಳಿಯ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದ. ಕೆಲಸವನ್ನು ಜೇನಿಗೆ ಬಿಟ್ಟರೆ ಪಕ್ಕದ ಹೊಲದ ತಳಿ ಬೆರೆಯುತ್ತದೆ. ಅದಕ್ಕೇ ಹಿಂದಿನ ಸಂಜೆಯೇ ಹೆಣ್ಣು ಮೊಗ್ಗು, ಗಂಡು ಮೊಗ್ಗು ಎರಡರ ಬಾಯಿಗೂ ದಾರ ಕಟ್ಟಬೇಕು. ಬೆಳಿಗ್ಗೆ ಗಂಡು ಹೂ ಕಿತ್ತು ತಂದು, ಅದರ ಪರಾಗವನ್ನು ಹೆಣ್ಣು ಹೂವಿಗೆ ಸವರಿ, ಮತ್ತೆ ಕಟ್ಟಬೇಕು. ಬಿಸಿಲೇರಿತೋ, ಹೂ ಬಾಡಿತು. ಆ ದಿನದ ಕೆಲಸ ಕೆಟ್ಟಿತು.

ಮೇಷ್ಟ್ರು ಇಪ್ಪತ್ತು ಬಳ್ಳಿಯನ್ನೂ ಸುತ್ತಿದರು. ಒಂದೊಂದರ ಮುಂದೂ ಬಗ್ಗಿದರು. ಆಮೇಲೆ ಅಜ್ಜನಿಗೆ ಕೈಯಾಸರೆ ಕೊಟ್ಟು ನಿಧಾನವಾಗಿ ಕಚೇರಿಗೆ ಕರೆತಂದರು.

"ಹೊರಗಿನ ಬೀಜ ಸೇರಿದ್ರೆ ಹೊರಗಿನ ಮುಖ ಬರಬೇಕಿತ್ತು," ಎಂದರು ನಿರ್ದೇಶಕರಿಗೆ. "ಇದು ಇದೇ ಮನೆ ಮುಖ. ಫೋಟೋದ ತುದೀಲಿದೆ ನೋಡು. ನೀವೆಲ್ಲ ಕಾಯಿ ನೋಡಿದ್ರಿ, ಬೀಗ ನೋಡಿದ್ರಿ. ಗಂಡು ಹೂವನ್ನ ಯಾರೂ ನೋಡ್ಲಿಲ್ಲ. ಹೆಣ್ಣು ಹೂವಿಗೆ ಎಲ್ಲ ಬಳ್ಳೀಲೂ ದಾರ ಇದೆ. ಗಂಡು ಹೂವಿಗೆ?—ಗೇಟಿನ ಪಕ್ಕದ ಒಂದೇ ಬಳ್ಳೀಲಿ. ಮಿಕ್ಕ ಹತ್ತೊಂಬತ್ತರಲ್ಲೂ ಗಂಡು ಹೂ ಬಾಯಿ ಬಿಟ್ಕೊಂಡಿದೆ, ಜೇನು ಆಡ್ತಿದೆ. ಅಂದ್ರೆ ಇಷ್ಟೂ ಮಕ್ಕಳಿಗೆ ಅಪ್ಪ ಒಬ್ಬನೇ. ಒಂದು ಬೆಳೇಲಿ ಗೊತ್ತಾಗಲ್ಲ. ಮೂರು ಬೆಳೆ ಹೀಗೇ ನಡೆದ್ರೆ ಮನೆಮಂದಿಗೆಲ್ಲ ಒಂದೇ ಮುಖ."

ಹೂವಜ್ಜನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮೂರು ಬೆಳೆ ಹಿಂದೆ ಬದುವಿಂದ ಬಿದ್ದ ಮೇಲೆ ಮೊಣಕಾಲು ಮಡಚಕ್ಕಾಗಲ್ಲ ಸಾರ್. ಗಂಡು ಹೂವಿಗೊಂದು ಸುತ್ತು, ಹೆಣ್ಣು ಹೂವಿಗೊಂದು ಸುತ್ತು ಹಾಕೋದ್ರೊಳಗೆ ಹೂ ಬಾಡ್ತಿತ್ತು. ಗೇಟಿನ ಬಳ್ಳಿ ಕೈಗೆ ಸಿಗ್ತಿತ್ತು. ಯಾವ ಬಳ್ಳಿದಾದ್ರೇನು, ಹೂ ಹೂವೇ ತಾನೆ ಅಂದ್ಕೊಂಡೆ. ಕಾಲು ಹೋಯ್ತು ಅಂದ್ರೆ ಮನೆಗೆ ಕಳಿಸ್ತೀರಿ ಅಂತ ಇವಳ ಹತ್ರ ಆಣೆ ಮಾಡಿಸ್ಕೊಂಡಿದ್ದೆ." ಬೀಗದಕ್ಕನ ಕಡೆ ತಿರುಗಿದ. "ನಿನ್ನ ಕೆಲಸಕ್ಕೇ ಕುತ್ತು ಬಂದ್ರೂ ಬಾಯಿ ಬಿಡಲಿಲ್ವಲ್ಲೇ, ಹುಚ್ಚಿ."

"ಕಾಲಿಗೂ ಕಾಯಿಗೂ ಸಂಬಂಧ ಇದೆ ಅಂತ ನಂಗೇನು ಗೊತ್ತಿತ್ತಜ್ಜ? ಹೇಳಿದ್ರೆ ನಿಮ್ಮನ್ನ ಕಳಿಸ್ತಾರೆ ಅನ್ನೋದಷ್ಟೇ ಗೊತ್ತಿತ್ತು."

ಕೊನೆಗೆ ನಿರ್ದೇಶಕರು, ವರದಿಯಲ್ಲಿ ತಪ್ಪಿತಸ್ಥರು ಅಂತ ಯಾರ ಹೆಸರು ಬರೆಯಲಿ ಎಂದು ಕೇಳಿದರು.

"ನಿನ್ನದೇ ಬರಿ," ಎಂದರು ಮೇಷ್ಟ್ರು, ಹಳೆಯ ತರಗತಿಯ ಮೆತ್ತನೆಯ ದನಿಯಲ್ಲಿ. "ಒಬ್ಬ ಮನುಷ್ಯ ಮೂರು ಬೆಳೆ ನಿನ್ನ ಕಿಟಕಿ ಎದುರೇ ಕಾಲೆಳ್ಕೊಂಡು ಓಡಾಡಿದ. ನಿಂಗೆ ಕಾಣಲಿಲ್ಲ. ಕಾಲು ನೋಯ್ತಿದೆ ಅಂತ ಹೇಳಕ್ಕೂ ಅವನಿಗೆ ಧೈರ್ಯ ಬರಲಿಲ್ಲ."

ನಿರ್ದೇಶಕರ ಕಿವಿ ಕೆಂಪಗಾಯಿತು. ಮೂರು ಬೆಳೆಗೂ ಹಿಂದಿನ ಲಕೋಟೆಯಲ್ಲಿ ಅರವತ್ತು ಬೀಜ ಉಳಿದಿವೆ, ಎಷ್ಟು ಮೊಳೆಯುತ್ತವೋ ನೋಡಬೇಕು ಎಂದಳು ಬೀಗದಕ್ಕ. ಅವಳು ಮೇಜಿನ ಮೇಲಿಟ್ಟಿದ್ದ ಬೀಗದ ಕೈಯನ್ನು ನಿರ್ದೇಶಕರು ಅವಳ ಕಡೆಗೇ ಸರಿಸಿದರು. ಆಮೇಲೆ ಅಜ್ಜನ ಪಕ್ಕದ ಕುರ್ಚಿಗೆ ಬಂದು ಕುಳಿತರು.

"ಗಂಡು ಹೂ ಕಿತ್ತು ತರೋಕೆ ನಾನೇ ಬರ್ತೀನಿ. ಎಲ್ಲ ಬಳ್ಳಿಯಿಂದ್ಲೂ ತರ್ತೀನಿ. ಹೇಳಿಕೊಡ್ತೀರಾ?"

ಹೂವಜ್ಜ ಕಣ್ಣೊರೆಸಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದ.

"ಆರು ಗಂಟೆಗೆಲ್ಲ ಹೊಲದಲ್ಲಿರಬೇಕು ಸಾರ್. ಏಳ್ತೀರಾ?"